ತಗೊಂಡಿಲ್ಲ ಅಂದದ್ದು ಮಾಡಿಲ್ಲ ಅಂತಾಯಿತು: ಒಂದು ಕ್ರೆಡಿಟ್ ಕಾರ್ಡ್ ತಕರಾರಿನ ಪ್ರಕರಣ

ಇದು ನಡೆದದ್ದು 2023ರ ಜನವರಿಯಿಂದ ಮೇ ತಿಂಗಳ ನಡುವೆ, ಅಮೆರಿಕದ ನ್ಯೂಜೆರ್ಸಿಯಲ್ಲಿ. ಇದರಲ್ಲಿ ಬರುವ ಹಿರಿಯರನ್ನು ಶಾರದಮ್ಮ ಎಂದು ಕರೆಯುತ್ತೇನೆ. ಅದು ಅವರ ನಿಜವಾದ ಹೆಸರಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಕಾರ್ಡ್ ಕಂಪನಿಯ ಹೆಸರಾಗಲಿ ಅಂಗಡಿಯ ಹೆಸರಾಗಲಿ ಇಲ್ಲಿ ಬರುವುದಿಲ್ಲ. ಇದನ್ನು ಬರೆಯಲು ಶಾರದಮ್ಮನೇ ಒಪ್ಪಿಗೆ ಕೊಟ್ಟರು. "ಇನ್ನೊಬ್ಬರಿಗೆ ಆಗಬಾರದು ನೋಡಪ್ಪಾ" ಅಂದರು.

ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು. 2003ರಿಂದ ಸುಮಾರು ಮೂರು ವರ್ಷ ನಾನು ಬೆಂಗಳೂರಿನ ಒಂದು ಕಾಲ್ ಸೆಂಟರ್‌ನಲ್ಲಿ ರಾತ್ರಿ ಪಾಳಿ ಮಾಡಿದ್ದೇನೆ. ಅಮೆರಿಕದ ಕಾರ್ಡ್ ಗ್ರಾಹಕರ ಕರೆಗಳನ್ನೇ ಎತ್ತುತ್ತಿದ್ದೆ. ಹಾಗಾಗಿ ಈ ಜಗಳದ ಎರಡೂ ಕಡೆ ಕೂತು ನೋಡಿದ್ದೇನೆ.

ಹಿನ್ನೆಲೆ

ಶಾರದಮ್ಮನಿಗೆ ಆಗ 71 ವರ್ಷ. ಹಾಸನದ ಕಡೆಯವರು. ಮಗನ ಸಂಸಾರ ಬೇರೆ ರಾಜ್ಯದಲ್ಲಿ. ಯಜಮಾನರು ತೀರಿಕೊಂಡ ಮೇಲೆ ಒಬ್ಬರೇ ಒಂದು ಸಣ್ಣ ಅಪಾರ್ಟ್‌ಮೆಂಟಿನಲ್ಲಿ ಇದ್ದಾರೆ. ಲೆಕ್ಕಪತ್ರದಲ್ಲಿ ಬಹಳ ಅಚ್ಚುಕಟ್ಟು. ಅಡುಗೆಮನೆಯ ಗೋಡೆಗೆ ಊರಿನಿಂದ ತರಿಸಿದ ಪಂಚಾಂಗದ ಕ್ಯಾಲೆಂಡರ್ ಇದೆ. ಹಾಲು, ಔಷಧ, ಡಾಕ್ಟರ್ ಭೇಟಿ, ಯಾರಿಗೆ ಯಾವಾಗ ಫೋನ್ ಮಾಡಿದೆ, ಎಲ್ಲವನ್ನೂ ತಿಥಿಯ ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ಬರೆದಿಡುತ್ತಾರೆ. ಮುಂದೆ ನಮ್ಮನ್ನು ಉಳಿಸಿದ್ದು ಈ ಪೆನ್ಸಿಲ್ ಬರಹವೇ.

ಮಂಡಿ ನೋವು ಜಾಸ್ತಿ ಆಗಿತ್ತು. ಕಾಲು ಮೇಲಕ್ಕೆ ಚಾಚಿ ಕೂರುವ ರಿಕ್ಲೈನರ್ ಕುರ್ಚಿ ತಗೊಳ್ಳಿ ಅಂತ ಡಾಕ್ಟರ್ ಹೇಳಿದ್ದರು. ಜನವರಿ 14ರಂದು ಆನ್‌ಲೈನ್‌ನಲ್ಲಿ ಒಂದು ಪೀಠೋಪಕರಣದ ಅಂಗಡಿಯಲ್ಲಿ ಆರ್ಡರ್ ಮಾಡಿದರು. ಬೆಲೆ 1,286 ಡಾಲರ್ 40 ಸೆಂಟ್. ಮೂರು ವಾರದಲ್ಲಿ ಮನೆಗೆ ಬರಬೇಕಿತ್ತು. ಬರಲಿಲ್ಲ. ಲಾರಿ ತಡವಾಗಿದೆ ಅಂದರು, ಗೋದಾಮಿನಲ್ಲಿ ಇದೆ ಅಂದರು. ಆಮೇಲೆ ಅಂಗಡಿಯವರು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಅಷ್ಟು ಹೊತ್ತಿಗೆ ಫೆಬ್ರವರಿ 3ರ ಸ್ಟೇಟ್‌ಮೆಂಟಿನಲ್ಲಿ ಹಣ ಬಿದ್ದಾಗಿತ್ತು.

ಎಲ್ಲಿ ತಪ್ಪಿತು

ಫೆಬ್ರವರಿ 20ರಂದು ಶಾರದಮ್ಮ ಕಾರ್ಡಿನ ಹಿಂಬದಿಯ ನಂಬರಿಗೆ ಮೊದಲ ಸಲ ಫೋನ್ ಮಾಡಿದರು. 38 ನಿಮಿಷ. ಆ ಕಡೆ ಒಬ್ಬ ಹುಡುಗಿ, ಬೇರೆ ದೇಶದವಳು. ಮಾತು ಬಹಳ ನಯ. ಅವಳು ಕೇಳಿದ ಪ್ರಶ್ನೆ: ಈ ಹೆಸರು ನಿಮಗೆ ಗೊತ್ತಾ? ಸ್ಟೇಟ್‌ಮೆಂಟಿನಲ್ಲಿ ಅಂಗಡಿಯ ಹೆಸರಿನ ಬದಲು ಅದರ ಮಾತೃ ಕಂಪನಿಯ ಹೆಸರು ಅಚ್ಚಾಗಿತ್ತು. ಶಾರದಮ್ಮ ಗೊತ್ತಿಲ್ಲ ಅಂದರು. ಅದು ನಿಜವೇ. ಆಮೇಲೆ ಇಂಗ್ಲಿಷಿನಲ್ಲಿ ಒಂದು ಮಾತು ಸೇರಿಸಿದರು: "ಐ ಹ್ಯಾವ್ ನಾಟ್ ಟೇಕನ್ ದಿಸ್."

ನಮಗೆ ಇದು ತಕ್ಷಣ ಅರ್ಥವಾಗುತ್ತೆ, ಅಲ್ವಾ? ದುಡ್ಡು ಕಟ್ಟಿದ್ದೀನಿ, ಸಾಮಾನು ಇನ್ನೂ ತಗೊಂಡಿಲ್ಲ, ಕೈಗೆ ಬಂದಿಲ್ಲ. ಆದರೆ ಆ ಹುಡುಗಿಯ ಕಿವಿಗೆ ಬೇರೆ ಅರ್ಥ ಕೇಳಿಸಿತು: ಈ ಖರೀದಿ ನಾನು ಮಾಡಿಲ್ಲ, ಯಾರೋ ನನ್ನ ಕಾರ್ಡ್ ಬಳಸಿದ್ದಾರೆ. ಹೆಸರು ಬೇರೆ ಗೊತ್ತಿಲ್ಲ ಅಂದಿದ್ದಾರೆ. ಅವಳು ಪರದೆಯಲ್ಲಿ ವಂಚನೆ ಎಂಬ ಆಯ್ಕೆ ಒತ್ತಿದಳು. ಹಳೆ ಕಾರ್ಡ್ ಬಂದ್ ಆಯಿತು, ಹೊಸದು ಅಂಚೆಯಲ್ಲಿ ಬಂತು, ಮಾರನೇ ದಿನ 1,286.40 ಡಾಲರ್ ತಾತ್ಕಾಲಿಕವಾಗಿ ಖಾತೆಗೆ ವಾಪಸ್ ಜಮಾ ಆಯಿತು. ಶಾರದಮ್ಮನಿಗೆ ಸಮಾಧಾನ. ಫೆಬ್ರವರಿ 27ರಂದು ಇನ್ನೊಮ್ಮೆ ಕೇಳಿದಾಗಲೂ "ಎಲ್ಲಾ ಸರಿ ಇದೆ ಮೇಡಂ" ಎಂಬ ಉತ್ತರವೇ ಬಂತು.

ಈ ಒಂದು ಒತ್ತುವಿಕೆ ಎಷ್ಟು ದೊಡ್ಡದು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲಗಳಲ್ಲಿ ಪ್ರತಿ ತಕರಾರಿಗೂ ಒಂದು ಸಂಖ್ಯೆ ಇರುತ್ತದೆ. ವೀಸಾದಲ್ಲಿ 2018ರಿಂದ ಇರುವ ಪಟ್ಟಿಯ ಪ್ರಕಾರ 10ರಿಂದ ಶುರುವಾಗುವವು ವಂಚನೆ, 13ರಿಂದ ಶುರುವಾಗುವವು ಗ್ರಾಹಕರ ತಕರಾರು. 13.1 ಅಂದರೆ ಸರಕು ಬಂದಿಲ್ಲ ಅಂತ. ಅಂಗಡಿಯವನ ಉತ್ತರವೂ ಈ ಸಂಖ್ಯೆಯನ್ನೇ ಹಿಡಿದು ಬರುತ್ತದೆ. ವಂಚನೆ ಅಂತ ಕೇಳಿದರೆ, ಆರ್ಡರ್ ಮಾಡಿದ್ದು ಇವರೇ ಎಂದು ತೋರಿಸಿದರೆ ಸಾಕು. ಸರಕು ಬಂದಿಲ್ಲ ಅಂತ ಕೇಳಿದರೆ, ಸರಕು ತಲುಪಿಸಿದ್ದಕ್ಕೆ ಪುರಾವೆ ಕೊಡಬೇಕು. ಅಂಗಡಿಯವನಿಗೆ ಮೊದಲನೆಯದು ಸುಲಭ. ಎರಡನೆಯದು ಅವನ ಹತ್ತಿರ ಇರಲೇ ಇಲ್ಲ.

ಮಾರ್ಚ್ 17ರಂದು ಪತ್ರ ಬಂತು. "ಈ ವ್ಯವಹಾರ ನೀವು ಮಾಡಿಲ್ಲ ಎಂದು ತಿಳಿಸಿದ್ದಿರಿ. ಅಂಗಡಿಯವರು ದಾಖಲೆ ಕೊಟ್ಟಿದ್ದಾರೆ. ತಕರಾರು ಮುಚ್ಚಲಾಗಿದೆ." ಜೊತೆಗೆ ಆರು ಹಾಳೆ. ಅವರ ಹೆಸರು, ಮನೆ ವಿಳಾಸ, ಫೋನ್ ನಂಬರ್, ಇಮೇಲ್. ಎಲ್ಲಾ ಅವರದ್ದೇ. ಜಮಾ ಆಗಿದ್ದ ಹಣ ಮತ್ತೆ ಖಾತೆಯಿಂದ ಹೋಯಿತು.

ಏನೇನು ಮಾಡಿದರು

ಮುಂದಿನ ಒಂದು ವಾರದಲ್ಲಿ ಆರು ಕರೆ. ಕ್ಯಾಲೆಂಡರಿನಲ್ಲಿ ಆ ವಾರದ ಚೌಕಗಳಲ್ಲಿ ಜಾಗವೇ ಉಳಿದಿಲ್ಲ. "45 ನಿ. ಕಟ್ ಆಯಿತು." "31 ನಿ. ಮತ್ತೆ ಮೊದಲಿಂದ." "ಸೂಪರ್‌ವೈಸರ್ ಫೋನ್ ಮಾಡ್ತಾರಂತೆ." ಯಾರೂ ಮಾಡಲಿಲ್ಲ. ಪ್ರತಿ ಸಲ ಹೊಸ ಧ್ವನಿ. ಪ್ರತಿ ಸಲ ಹುಟ್ಟಿದ ದಿನ, ಕೊನೆಯ ನಾಲ್ಕು ಅಂಕಿ, ತಾಯಿಯ ತವರಿನ ಹೆಸರು. ಪ್ರತಿ ಸಲ ಕುರ್ಚಿಯ ಕಥೆ ಮೊದಲಿಂದ. ಅವರು "ಹೌದು, ಆರ್ಡರ್ ಮಾಡಿದ್ದು ನಾನೇ, ಆದರೆ ಬಂದಿಲ್ಲ" ಅಂದ ಕೂಡಲೇ ಆ ಕಡೆ ಧ್ವನಿ ಬದಲಾಗುತ್ತಿತ್ತು. ಪರದೆಯ ಮೇಲೆ ಇದ್ದ ಟಿಪ್ಪಣಿಗೆ ಇದು ತದ್ವಿರುದ್ಧ. ಮೊದಲು ಮಾಡಿಲ್ಲ ಅಂದರು, ಈಗ ಮಾಡಿದ್ದೀನಿ ಅಂತಾರೆ. ಸುಳ್ಳು ಹೇಳುವ ಗ್ರಾಹಕಿ ಎಂಬಂತೆ ಕಾಣುತ್ತಿದ್ದರು. 71 ವರ್ಷ ಒಂದು ಪೈಸೆ ಯಾರಿಗೂ ಬಾಕಿ ಇಟ್ಟವರಲ್ಲ. ಅವರಿಗೆ ಹಣ ಹೋದದ್ದಕ್ಕಿಂತ ಇದೇ ಜಾಸ್ತಿ ನೋವಾಯಿತು.

ಮಾರ್ಚ್ 22 ಯುಗಾದಿ. ಬೇವುಬೆಲ್ಲ ತಿಂದು, ದೇವರಿಗೆ ಕೈಮುಗಿದು, ಫೋನ್ ಹಿಡಿದು ಕೂತರಂತೆ. ಅವತ್ತು ತಾಳ್ಮೆ ತಪ್ಪಿತು. "ನೀನು ಎಲ್ಲಿ ಕೂತಿದ್ದೀಯಾ ಹೇಳು. ನನಗೆ ಅಮೆರಿಕದಲ್ಲಿರುವವರೇ ಬೇಕು" ಎಂದು ಹಟ ಹಿಡಿದರು. ನಲವತ್ತು ನಿಮಿಷ ಕಾದ ಮೇಲೆ ಒಬ್ಬ ಹೆಂಗಸು ಬಂದರು. ಅಪ್ಪಟ ಅಮೆರಿಕನ್ ಮಾತು. ಶಾರದಮ್ಮ ಉಸಿರು ಬಿಟ್ಟು ಎಲ್ಲಾ ಹೇಳಿದರು. ಆ ಹೆಂಗಸು ಅದೇ ಟಿಪ್ಪಣಿ ಓದಿ, ಅದೇ ಉತ್ತರ ಕೊಟ್ಟರು: ತಕರಾರು ಮುಚ್ಚಿದೆ, ವ್ಯವಹಾರ ನಿಮ್ಮದೇ, ನಾನೇನೂ ಮಾಡಲಾಗುವುದಿಲ್ಲ.

ಈ ಪ್ರಕರಣದ ಮೊದಲ ತಿರುವು ಇದು ಅಂತ ನನಗನಿಸುತ್ತದೆ. ಅಲ್ಲಿಯವರೆಗೆ ಶಾರದಮ್ಮ ತಮ್ಮ ಕಷ್ಟಕ್ಕೆಲ್ಲ ದೂರದ ದೇಶವೇ ಕಾರಣ ಅಂದುಕೊಂಡಿದ್ದರು. ಹತ್ತಿರದವರೂ ಅದನ್ನೇ ಹೇಳಿದಾಗ ಅವರು ದಂಗಾದರು. ಆಮೇಲೆ, ಅವತ್ತು ಮೊದಲು ಫೋನ್ ಎತ್ತಿದ್ದ ಹುಡುಗನನ್ನು ಬೈದದ್ದಕ್ಕೆ ಬೇಜಾರಾಯಿತಂತೆ. "ನಮ್ಮಕ್ಕನ ಮೊಮ್ಮಗ ಬೆಂಗಳೂರಲ್ಲಿ ಇದೇ ಕೆಲಸ ಮಾಡೋದು. ಅವನನ್ನ ಯಾರಾದ್ರೂ ಹಿಂಗೆ ಅಂದ್ರೆ ನನಗೆ ಹೆಂಗಾಗುತ್ತೆ?" ಅಂದರು.

ಆ ಕುರ್ಚಿಯಲ್ಲಿ ನಾನು ಕೂತಿದ್ದೆ. ಬೆಂಗಳೂರಿನಲ್ಲಿ ಸಂಜೆ ಕ್ಯಾಬ್ ಬರುತ್ತಿತ್ತು. ರಾತ್ರಿಯೆಲ್ಲ ಹೆಡ್‌ಸೆಟ್. ನನಗೆ ಫೋನಿಗೆಂದೇ ಒಂದು ಬೇರೆ ಹೆಸರು ಕೊಟ್ಟಿದ್ದರು. ಒಂದು ಕರೆ ಸರಾಸರಿ ಇಷ್ಟೇ ನಿಮಿಷದಲ್ಲಿ ಮುಗಿಯಬೇಕು ಅಂತ ಲೆಕ್ಕ ಇತ್ತು. ಅದನ್ನು ನಾವು ಎಎಚ್‌ಟಿ ಅನ್ನುತ್ತಿದ್ದೆವು. ಅದು ಮೀರಿದರೆ ವಾರದ ಕೊನೆಗೆ ಟೀಮ್ ಲೀಡರ್ ಪಕ್ಕಕ್ಕೆ ಕರೆದು ಕೇಳುತ್ತಿದ್ದರು. ಮುಚ್ಚಿದ ತಕರಾರನ್ನು ತೆರೆಯುವ ಬಟನ್ ನಮ್ಮ ಪರದೆಯಲ್ಲಿ ಇರಲಿಲ್ಲ. ಇದ್ದದ್ದು ಟಿಪ್ಪಣಿ ಬರೆಯುವ ಒಂದು ಪೆಟ್ಟಿಗೆ. ಗ್ರಾಹಕರು ಅಳುತ್ತಿದ್ದರೂ ನಾವು ಮಾಡಬಹುದಾಗಿದ್ದು ಅಷ್ಟೇ: ಇನ್ನೊಂದು ಸಾಲು ಟೈಪ್ ಮಾಡಿ, ಕ್ಷಮೆ ಕೇಳಿ, ಮುಂದಿನ ಕರೆ ಎತ್ತುವುದು. ನನಗೆ ಇವತ್ತಿಗೂ ಕೆಲವು ಧ್ವನಿಗಳು ನೆನಪಿವೆ. ಕಂಪನಿ ದುಡ್ಡು ಉಳಿಸಿಕೊಂಡು ಕೆಲಸವನ್ನು ದೂರಕ್ಕೆ ಕಳಿಸಿತು. ಅಧಿಕಾರವನ್ನು ಮಾತ್ರ ಕಳಿಸಲಿಲ್ಲ. ಗ್ರಾಹಕರ ಸಿಟ್ಟು ನ್ಯಾಯವಾದದ್ದು. ಆದರೆ ಅದು ಹೋಗಿ ಬೀಳುವುದು ಏನೂ ಮಾಡಲಾಗದವನ ಮೇಲೆ.

ಎರಡನೇ ತಿರುವು

ಮಾರ್ಚ್ 25, ಶನಿವಾರ. ನ್ಯೂಜೆರ್ಸಿಯ ನಮ್ಮೂರಿನ ಕನ್ನಡಿಗರು ಸೇರಿ ಮಾಡಿದ ಯುಗಾದಿ ಊಟ. ಹೋಳಿಗೆ ಬಡಿಸುವ ಸಾಲಿನಲ್ಲಿ ಶಾರದಮ್ಮ ಸಿಕ್ಕರು. ಮುಖ ಬಾಡಿತ್ತು. ಕೇಳಿದೆ, ಹೇಳಿದರು.

ನಾನು ಮಾಡಿದ ಮೊದಲ ಕೆಲಸ ತಪ್ಪೇ ಆಗಿತ್ತು. ಭಾನುವಾರ ಅವರ ಮನೆಗೆ ಹೋಗಿ ನಾನೇ ಫೋನ್ ಮಾಡಿದೆ. ಒಂಬತ್ತನೇ ಕರೆ. ಒಳಗಿನ ಭಾಷೆ ಗೊತ್ತಿರುವವನು ಮಾತಾಡಿದರೆ ಆಗುತ್ತೆ ಅಂದುಕೊಂಡಿದ್ದೆ. ಮೊದಲು ಶಾರದಮ್ಮ ನನಗೆ ಮಾತಾಡಲು ಅನುಮತಿ ಕೊಡಬೇಕಾಯಿತು. ಆಮೇಲೆ 50 ನಿಮಿಷ. ಫಲ ಸೊನ್ನೆ. ಆದರೆ ಒಂದು ಉಪಯೋಗ ಆಯಿತು. ಟಿಪ್ಪಣಿಯನ್ನು ಅಕ್ಷರಶಃ ಓದಿ ಎಂದು ಏಜೆಂಟ್‌ಗೆ ಕೇಳಿಕೊಂಡೆ. ಅವನು ಓದಿದ: ಕಾರ್ಡ್‌ದಾರರು ಈ ವ್ಯವಹಾರ ತಾವು ಮಾಡಿಲ್ಲ ಎಂದಿದ್ದಾರೆ. ಶಾರದಮ್ಮ ಪಕ್ಕದಲ್ಲೇ ಕೂತಿದ್ದರು. "ನಾನು ಹಂಗೆ ಅನ್ನಲೇ ಇಲ್ಲ. ತಗೊಂಡಿಲ್ಲ ಅಂದೆ" ಅಂದರು. ಆಗ ನನಗೆ ಹೊಳೆಯಿತು.

ಆ ಆರು ಹಾಳೆಗಳನ್ನು ಊಟದ ಮೇಜಿನ ಮೇಲೆ ಹರಡಿ ಮತ್ತೆ ಓದಿದೆವು. ಐದನೇ ಹಾಳೆಯಲ್ಲಿ ಅಂಗಡಿಯ ಆರ್ಡರ್ ಪಟ್ಟಿ. ಅದರಲ್ಲಿ ತಲುಪಿಸಿದ ದಿನಾಂಕ ಎಂಬ ಕಾಲಂ ಖಾಲಿ. ಸಹಿ ಮಾಡಿದವರು ಎಂಬ ಕಾಲಂ ಕೂಡ ಖಾಲಿ. ಅಂಗಡಿಯವನೇ ಕೊಟ್ಟ ಪುರಾವೆ ನಮ್ಮ ಪರವಾಗಿತ್ತು. ಅದನ್ನು ಯಾರೂ ನೋಡಿರಲಿಲ್ಲ. ಯಾಕೆಂದರೆ ಆ ಪ್ರಶ್ನೆಯನ್ನೇ ಯಾರೂ ಕೇಳಿರಲಿಲ್ಲ.

ಈಗ ಕಾನೂನಿನ ವಿಷಯ. ಅಮೆರಿಕದಲ್ಲಿ 1974ರ ಫೇರ್ ಕ್ರೆಡಿಟ್ ಬಿಲ್ಲಿಂಗ್ ಆ್ಯಕ್ಟ್ ಎಂಬ ಕಾನೂನು ಇದೆ. ಬೆಂಗಳೂರಿಗೆ ಕಾಲ್ ಸೆಂಟರ್‌ಗಳು ಬರುವುದಕ್ಕೆ ಎಷ್ಟೋ ಮುಂಚಿನದು. ಬಿಲ್ಲಿನಲ್ಲಿ ತಪ್ಪಿದ್ದರೆ ಗ್ರಾಹಕರು ಲಿಖಿತವಾಗಿ ತಿಳಿಸಬೇಕು ಎನ್ನುತ್ತದೆ ಅದು. ಒಪ್ಪಂದದಂತೆ ಸರಕು ಬಾರದಿದ್ದರೆ ಅದೂ ಬಿಲ್ಲಿನ ತಪ್ಪೇ. ತಪ್ಪಿರುವ ಮೊದಲ ಸ್ಟೇಟ್‌ಮೆಂಟ್ ಕಳಿಸಿದ 60 ದಿನದೊಳಗೆ ಪತ್ರ ಕಂಪನಿಗೆ ತಲುಪಬೇಕು. ತಲುಪಿದ ಮೇಲೆ 30 ದಿನದಲ್ಲಿ ಅವರು ಸ್ವೀಕೃತಿ ಕೊಡಬೇಕು. ಎರಡು ಬಿಲ್ಲಿಂಗ್ ಅವಧಿಯೊಳಗೆ, ಹೆಚ್ಚೆಂದರೆ 90 ದಿನದಲ್ಲಿ ತೀರ್ಮಾನ ಮಾಡಬೇಕು. ಸರಕು ಬಂದಿಲ್ಲ ಎಂಬ ದೂರನ್ನು ಸರಿಯಾಗಿ ವಿಚಾರಿಸದೆ ತಳ್ಳಿಹಾಕುವಂತಿಲ್ಲ. ವಿಚಾರಣೆ ಮುಗಿಯುವ ತನಕ ಗ್ರಾಹಕರು ಆ ಮೊತ್ತ ಕಟ್ಟದೆ ಇರಬಹುದು. ಬಾಕಿ ಕಟ್ಟಿಲ್ಲ ಅಂತ ಅದನ್ನು, ಯಾರು ಸಾಲ ಹೇಗೆ ತೀರಿಸುತ್ತಾರೆ ಎಂಬ ದಾಖಲೆ ಇಡುವ ಕ್ರೆಡಿಟ್ ಸಂಸ್ಥೆಗಳಿಗೆ ವರದಿ ಮಾಡುವಂತಿಲ್ಲ. ಒಂಬತ್ತು ಸಲ ಫೋನ್ ಮಾಡಿದರೂ ಈ ಹಕ್ಕುಗಳಲ್ಲಿ ಒಂದೂ ಖಾತ್ರಿಯಾಗುವುದಿಲ್ಲ. ಒಂದು ಕಾಗದದಿಂದ ಎಲ್ಲವೂ ಆಗುತ್ತವೆ.

ಕ್ಯಾಲೆಂಡರ್ ಮುಂದೆ ನಿಂತು ಎಣಿಸಿದೆವು. ಫೆಬ್ರವರಿ 3ರಿಂದ 60 ದಿನ ಅಂದರೆ ಏಪ್ರಿಲ್ 4. ಉಳಿದಿದ್ದು ಒಂಬತ್ತೇ ದಿನ. ಫೋನಿನಲ್ಲಿ ಯಾರೂ ಈ ಗಡುವಿನ ಮಾತೇ ಎತ್ತಿರಲಿಲ್ಲ. ಇನ್ನೊಂದು ವಾರ "ಸೂಪರ್‌ವೈಸರ್ ಫೋನ್ ಮಾಡ್ತಾರೆ" ಅಂತ ಕಾದಿದ್ದರೆ ಬಾಗಿಲು ಮುಚ್ಚಿಹೋಗುತ್ತಿತ್ತು.

ಅವತ್ತು ರಾತ್ರಿಯೇ ಪತ್ರ ಬರೆದೆವು. ನಾನು ಮೊದಲು ಇಂಗ್ಲಿಷಿನಲ್ಲಿ ಒಂದೂವರೆ ಪುಟ ಬರೆದಿದ್ದೆ. ಅದರಲ್ಲಿ ಸಿಟ್ಟು ಇತ್ತು, ಒಂಬತ್ತು ಕರೆಗಳ ಕಥೆ ಇತ್ತು. ಓದಿದಾಗ ನನಗೇ ಸರಿ ಕಾಣಲಿಲ್ಲ. "ಅಮ್ಮಾ, ನೀವು ಕನ್ನಡದಲ್ಲಿ ಹೇಳಿ, ಸುಮ್ನೆ ಏನಾಯ್ತೋ ಅಷ್ಟೇ" ಅಂದೆ. ಅವರು ಹೇಳಿದರು: "ಕುರ್ಚಿ ಆರ್ಡರ್ ಮಾಡಿದ್ದು ನಾನೇ. ದುಡ್ಡು ಕಟ್ಟಿದ್ದೂ ನಾನೇ. ಕುರ್ಚಿ ಇವತ್ತಿನವರೆಗೂ ಮನೆಗೆ ಬಂದಿಲ್ಲ. ಮೊದಲ ಸಲ ನಾನು ಹೇಳಿದ್ದನ್ನ ತಪ್ಪಾಗಿ ಬರ್ಕೊಂಡಿದ್ದಾರೆ." ಅದನ್ನೇ ಹಾಗೇ ಇಂಗ್ಲಿಷಿಗೆ ಇಳಿಸಿದೆವು. ಕೆಳಗೆ ಖಾತೆಯ ವಿವರ, ಮೊತ್ತ, ದಿನಾಂಕ, ಐದನೇ ಹಾಳೆಯ ನಕಲು. ಒಂದು ಪುಟವೂ ತುಂಬಲಿಲ್ಲ.

ವಿಳಾಸದಲ್ಲಿ ಎಡವುವವರು ಬಹಳ ಜನ. ಚೆಕ್ ಕಳಿಸುವ ವಿಳಾಸ ಬೇರೆ, ಬಿಲ್ಲಿನ ತಕರಾರು ಕಳಿಸುವ ವಿಳಾಸ ಬೇರೆ. ಎರಡನೆಯದು ಸ್ಟೇಟ್‌ಮೆಂಟಿನ ಹಿಂದಿನ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಶಾರದಮ್ಮ ಭೂತಗನ್ನಡಿ ಹಿಡಿದು ಹುಡುಕಿದರು. ಆನ್‌ಲೈನ್ ದೂರನ್ನೂ ಲಿಖಿತ ಎಂದು ಒಪ್ಪುವ ಕಂಪನಿಗಳಿವೆ. ಒಪ್ಪುವುದಾದರೆ ಅದನ್ನೂ ಅದೇ ಪುಟದಲ್ಲಿ ಹೇಳಿರುತ್ತಾರೆ. ಇವರದರಲ್ಲಿ ಹೇಳಿರಲಿಲ್ಲ.

ಸೋಮವಾರ ಅಂಚೆ ಕಚೇರಿಗೆ ಹೋಗಿ ಸರ್ಟಿಫೈಡ್ ಮೇಲ್ ಮಾಡಿದೆವು, ರಿಟರ್ನ್ ರಿಸೀಟ್ ಸಮೇತ. ಪತ್ರ ತಗೊಂಡವರು ಸಹಿ ಹಾಕಿದ ಮೇಲೆ ಒಂದು ಹಸಿರು ಕಾರ್ಡ್ ನಮಗೆ ವಾಪಸ್ ಬರುತ್ತದೆ. ಏಪ್ರಿಲ್ 3ರಂದು ಬಂತು. ಅದರ ಮೇಲೆ ಮಾರ್ಚ್ 30ರ ತಾರೀಖು, ಕೆಳಗೆ ಓದಲಾಗದ ಒಂದು ಸಹಿ. ಶಾರದಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ತಮ್ಮ ಮಾತು ಆ ಕಂಪನಿಗೆ ತಲುಪಿತು ಎನ್ನುವುದಕ್ಕೆ ಅವರ ಕೈಗೆ ಬಂದ ಮೊದಲ ಗಟ್ಟಿ ಪುರಾವೆ ಅದು.

ಏನಾಯಿತು

ಏಪ್ರಿಲ್ 20ರ ದಿನಾಂಕದ ಸ್ವೀಕೃತಿ ಪತ್ರ ಬಂತು. ಹೊಸ ತಕರಾರು ದಾಖಲಾಗಿತ್ತು. ಈ ಸಲ ಸರಕು ತಲುಪಿಲ್ಲ ಎಂಬ ಹೆಸರಿನಲ್ಲಿ. ಆ ತಿಂಗಳು ಶಾರದಮ್ಮ ಕುರ್ಚಿಯ ಹಣ ಬಿಟ್ಟು ಉಳಿದ 212 ಡಾಲರನ್ನು ಪೂರ್ತಿ ಕಟ್ಟಿದರು. ಇದು ಮುಖ್ಯ. ತಕರಾರಿಲ್ಲದ ಹಣ ನಿಲ್ಲಿಸಿದರೆ ನಮ್ಮ ಕಡೆಯೇ ತಪ್ಪಾಗುತ್ತದೆ.

ಅಷ್ಟಾದರೂ ಮೇ 3ರ ಸ್ಟೇಟ್‌ಮೆಂಟಿನಲ್ಲಿ 30 ಡಾಲರ್ ದಂಡ, ಮೇಲೆ ಬಡ್ಡಿ ಬಿತ್ತು. ಬಾಕಿ ಕಟ್ಟಿ ಎಂದು ಕರೆಗಳೂ ಶುರುವಾದವು. ತಕರಾರಿನ ವಿಭಾಗಕ್ಕೆ ಗೊತ್ತಿರುವುದು ವಸೂಲಿ ವಿಭಾಗಕ್ಕೆ ಗೊತ್ತಿರಲಿಲ್ಲ. ಶಾರದಮ್ಮ ಮತ್ತೆ ಫೋನ್ ಕೈಗೆ ತಗೊಂಡರು. ನಾನು ಬೇಡ ಅಂದೆ. ಮೇ 6ರಂದು ಅಮೆರಿಕ ಸರ್ಕಾರದ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋದ ಜಾಲತಾಣದಲ್ಲಿ ದೂರು ಹಾಕಿದೆವು. ಸಿಎಫ್‌ಪಿಬಿ ಅಂತ ಕರೆಯುವ ಈ ಸಂಸ್ಥೆ 2010ರ ಕಾನೂನಿನಿಂದ ಹುಟ್ಟಿ, 2011ರಲ್ಲಿ ಕೆಲಸ ಶುರುಮಾಡಿದ್ದು. ಅವರು ದೂರನ್ನು ಕಂಪನಿಗೆ ಕಳಿಸುತ್ತಾರೆ. ಕಂಪನಿ ಸಾಮಾನ್ಯವಾಗಿ 15 ದಿನದಲ್ಲಿ ಉತ್ತರಿಸಬೇಕು. ಹಸಿರು ಕಾರ್ಡಿನ ಫೋಟೋ, ಪತ್ರದ ನಕಲು, ಐದನೇ ಹಾಳೆ ಸೇರಿಸಿದೆವು. ಎಲ್ಲಾ ಕೈಯಲ್ಲೇ ಇದ್ದುದರಿಂದ ಇಪ್ಪತ್ತು ನಿಮಿಷದ ಕೆಲಸ.

ಮೇ 16ರಂದು ಕಂಪನಿಯ ಮುಖ್ಯ ಕಚೇರಿಯ ವಿಭಾಗದಿಂದ ಒಬ್ಬರು ಅವರಾಗಿಯೇ ಫೋನ್ ಮಾಡಿದರು. ತಮ್ಮ ಹೆಸರು, ನೇರ ನಂಬರ್ ಕೊಟ್ಟರು. ಮೊದಲ ಕರೆಯ ಧ್ವನಿಮುದ್ರಣ ಕೇಳಿಸಿಕೊಂಡೆ ಅಂದರು. "ಟೇಕನ್ ಅಂದರೆ ನೀವು ಏನು ಹೇಳಲು ಹೊರಟಿದ್ದಿರಿ ಅಂತ ಈಗ ಅರ್ಥವಾಯಿತು" ಅಂದರಂತೆ. ಮೇ 19ರಂದು 1,286.40 ಡಾಲರ್, ದಂಡ, ಬಡ್ಡಿ ಎಲ್ಲಾ ವಾಪಸ್.

ಇದರಿಂದ ಏನು ಹಿಡಿದುಕೊಳ್ಳಬಹುದು

ಫೋನ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಕಾರ್ಡ್ ಕಳೆದರೆ, ಕದ್ದರೆ, ಮೊದಲು ಫೋನೇ ಮಾಡಬೇಕು. ಆ ಕೆಲಸವನ್ನು ದೂರದ ಹುಡುಗರು ಎರಡೇ ನಿಮಿಷದಲ್ಲಿ ಚೆನ್ನಾಗಿ ಮಾಡುತ್ತಾರೆ. ಹಣದ ತಕರಾರು ಬೇರೆ ಜಾತಿಯದು. ಅಲ್ಲಿ ಮೊದಲ ಕರೆಯಲ್ಲಿ ಏನು ಟೈಪ್ ಆಗುತ್ತದೋ ಅದೇ ಪ್ರಕರಣವಾಗಿ ನಿಲ್ಲುತ್ತದೆ. ಹಾಗಾಗಿ ಫೋನ್ ಇಡುವ ಮುಂಚೆ "ನೀವು ಬರೆದುಕೊಂಡದ್ದನ್ನು ಒಮ್ಮೆ ಓದಿ ಹೇಳಿ" ಎಂದು ಕೇಳುವುದು ಒಳ್ಳೆಯದು. ನಾನು ಆ ಕಡೆ ಇದ್ದಾಗ ಹಾಗೆ ಕೇಳಿದವರು ಬಹಳ ಕಡಿಮೆ. ಕೇಳಿದವರಿಗೆ ಓದಿ ಹೇಳಿದ್ದೇನೆ, ತಿದ್ದಿದ್ದೇನೆ.

ಗ್ರಾಹಕರ ಕರೆ ಎತ್ತುವವರು ಯಾವ ದೇಶದಲ್ಲಿ ಇದ್ದಾರೆ ಎಂದು ತಿಳಿಸಬೇಕು, ಕೇಳಿದರೆ ಅಮೆರಿಕದಲ್ಲಿರುವವರಿಗೆ ವರ್ಗಾಯಿಸಬೇಕು ಎನ್ನುವ ಮಸೂದೆಯೊಂದು 2025ರಲ್ಲಿ ಅಲ್ಲಿನ ಸೆನೆಟ್‌ನಲ್ಲಿ ಮಂಡನೆಯಾಯಿತು. ಭಾಷೆಯ ತೊಡಕು ನಿಜವಾದ ತೊಡಕು, ಈ ಪ್ರಕರಣವೇ ಅದಕ್ಕೆ ಸಾಕ್ಷಿ. ಆದರೆ ಯುಗಾದಿ ದಿನದ ಆ ಕರೆಯನ್ನು ನೆನೆಸಿಕೊಂಡರೆ, ಅಷ್ಟರಿಂದಲೇ ಶಾರದಮ್ಮನ ಕೆಲಸ ಆಗುತ್ತಿರಲಿಲ್ಲ ಅನಿಸುತ್ತದೆ. ಕರೆ ಎತ್ತಿದವರಿಗೆ, ಅವರು ಎಲ್ಲೇ ಕೂತಿರಲಿ, ತಪ್ಪು ಟಿಪ್ಪಣಿಯನ್ನು ತಿದ್ದುವ ಅಧಿಕಾರ ಕೊಡಬೇಕು.

ಇದನ್ನು ಕರ್ನಾಟಕದಲ್ಲಿ ಕೂತು ಓದುತ್ತಿರುವವರಿಗೂ ಒಂದು ಮಾತು. ನಿಮ್ಮಲ್ಲಿ ಕಾನೂನು ಬೇರೆ, ದಾರಿ ಹೆಚ್ಚುಕಡಿಮೆ ಅದೇ. ರಿಸರ್ವ್ ಬ್ಯಾಂಕಿನ 2021ರ ಓಂಬುಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಯೋಜನೆಯಲ್ಲಿ, ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಟ್ಟಿರಬೇಕು ಎಂಬ ನಿಯಮ ಇತ್ತು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಮೇಲಕ್ಕೆ ಹೋಗಬಹುದಿತ್ತು. ಕಸ್ಟಮರ್ ಕೇರ್‌ಗೆ ಹತ್ತು ಸಲ ಫೋನ್ ಮಾಡಿದ್ದರೂ ನಿಮ್ಮ ಹತ್ತಿರ ಒಂದು ಇಮೇಲ್ ಕೂಡ ಇಲ್ಲದಿದ್ದರೆ ಮುಂದಿನ ಮೆಟ್ಟಿಲು ಹತ್ತುವುದು ಕಷ್ಟ.

ಜೂನ್‌ನಲ್ಲಿ ಶಾರದಮ್ಮ ಕುರ್ಚಿ ತಗೊಂಡರು. ಈ ಸಲ ಆನ್‌ಲೈನ್ ಅಲ್ಲ. ಹತ್ತಿರದ ಅಂಗಡಿಗೆ ನಾವಿಬ್ಬರೂ ಹೋದೆವು. ನಾಲ್ಕು ಕುರ್ಚಿಯಲ್ಲಿ ಕೂತು, ಕಾಲು ಚಾಚಿ ನೋಡಿ, ಐದನೆಯದನ್ನು ಆರಿಸಿದರು. ನನ್ನ ವ್ಯಾನಿಗೆ ಹೇರುವ ತನಕ ಪಕ್ಕದಲ್ಲೇ ನಿಂತಿದ್ದರು. ಮನೆಗೆ ಬಂದ ಮೇಲೆ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಪೆನ್ಸಿಲ್‌ನಿಂದ ಎರಡೇ ಪದ ಬರೆದರು: ಕುರ್ಚಿ ಬಂತು.